ಮರ ಹತ್ತುವವರಿಗೂ ಒಂದು ಸಂಘ ಬೇಕು

ಅಡಿಕೆ ತೋಟದವನೊಬ್ಬ ತನ್ನ ಕೆಲಸದವರಿಗೆ ಸಂಘ ಬೇಕು ಎಂದರೆ ಊರಿನಲ್ಲಿ ನಗುತ್ತಾರೆ. ನಗಲಿ. ದಕ್ಷಿಣ ಕನ್ನಡದ ವಿಟ್ಲದಿಂದ ಪುಣಚದ ಕಡೆಗೆ ಹೋಗುವ ದಾರಿಯಲ್ಲಿ ನನ್ನದೊಂದು ಒಂದೂವರೆ ಎಕರೆ ತೋಟ ಉಂಟು. ಮಳೆಗಾಲ ಹಿಡಿಯಿತೆಂದರೆ ಮರ ಹತ್ತಿ ಕೊಳೆರೋಗದ ಮದ್ದು ಬಿಡುವವರ ಫೋನಿಗೆ ಕಾಯುವುದೇ ನನ್ನ ಉದ್ಯೋಗ. ಈ ತೋಟದ ಮನೆಯ ಜಗಲಿಯಲ್ಲಿ ಕೂತು ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು. ಹಾಗಾಗಿ ಕೂಲಿ ತೆಗೆದುಕೊಳ್ಳುವವರ ಮನೆಯಲ್ಲಿ ಹುಟ್ಟಿ ಕೂಲಿ ಕೊಡುವವನಾದವನ ಮಾತು ಇದು ಎಂದುಕೊಳ್ಳಿ.

ನಮ್ಮ ಸೀಮೆಯಲ್ಲಿ ಒಂದು ವಿಚಿತ್ರ ಉಂಟು. ಬೀಡಿ ಕಟ್ಟುವ ಹೆಂಗಸರಿಗೆ ಸಂಘ ಉಂಟು, ಒಂದಲ್ಲ, ಕೆಂಪು, ಕೇಸರಿ ಎಲ್ಲ ಬಣ್ಣದ್ದೂ ಉಂಟು. ಅವರ ಕೂಲಿ ಸರಕಾರದ ಅಧಿಸೂಚನೆಯಲ್ಲಿ ಅಚ್ಚಾಗಿ ಬರುತ್ತದೆ. ಆದರೆ ಅವರಿಗೆ ಯಾರೂ ಯಾವತ್ತೂ ಒಂದು ದಿನದ ತರಬೇತಿ ಕೊಟ್ಟದ್ದನ್ನು ನಾನು ಕಂಡಿಲ್ಲ. ಅಡಿಕೆ ಮರ ಹತ್ತುವವರಿಗೆ ತರಬೇತಿ ಉಂಟು, ಸರ್ಟಿಫಿಕೇಟ್ ಉಂಟು, ಟೀ ಶರ್ಟ್ ಕೂಡ ಉಂಟು. ಅವರ ಕೂಲಿ ಮಾತ್ರ ಅವರವರ ಬಾಯಿ ಜೋರಿನ ಮೇಲೆ. ಒಂದು ಕಡೆ ಸಂಬಳದ ಮಾತಾಡುವವರು ಕಲಿಕೆಯ ಮಾತೆತ್ತಲಿಲ್ಲ, ಇನ್ನೊಂದು ಕಡೆ ಕಲಿಸುವವರು ಸಂಬಳದ ಮಾತೆತ್ತಲಿಲ್ಲ. ಎರಡೂ ಕಡೆ ಕೆಲಸದವರಿಗೆ ಸಿಕ್ಕಿದ್ದು ಅರ್ಧಂಬರ್ಧ.

ಬೀಡಿಯಿಂದಲೇ ಸುರು ಮಾಡುತ್ತೇನೆ. ಅಮ್ಮ ಯಾರಿಂದ ಕಲಿತರೆಂದರೆ ಅವರ ಅಮ್ಮನಿಂದ. ಎಲೆಯನ್ನು ನೀರಿಗೆ ಹಾಕಿ, ಗೋಣಿಯಲ್ಲಿ ಸುತ್ತಿಟ್ಟು ಹದ ಮಾಡಬೇಕು. ಹದ ಕಮ್ಮಿಯಾದರೆ ಸುತ್ತುವಾಗ ಸೀಳುತ್ತದೆ, ಹೆಚ್ಚಾದರೆ ಬೂಸ್ಟು. ಮೇಲೆ ತಗಡಿನ ಅಳತೆ ಇಟ್ಟು ಕತ್ತರಿಸಬೇಕು, ನರ ಬಂದರೆ ಕಿತ್ತು ತೆಗೆಯಬೇಕು. ಚಿಟಿಕೆ ಹೊಗೆಸೊಪ್ಪು ಇಟ್ಟು ಹೆಬ್ಬೆರಳಿನಿಂದ ಉರುಳಿಸಿ, ತುದಿ ಮಡಚಿ, ನೂಲು ಸುತ್ತಿದರೆ ಒಂದು. ಇಪ್ಪತ್ತೈದಕ್ಕೆ ಒಂದು ಕಟ್ಟು. ಸಂಜೆ ಅದನ್ನು ಹೊತ್ತುಕೊಂಡು ಬೀಡಿ ತೆಗೆದುಕೊಳ್ಳುವ ಬ್ರಾಂಚಿಗೆ ಹೋದರೆ ಅಲ್ಲಿ ಕೂತವನು ಕಟ್ಟನ್ನು ಕೈಯಲ್ಲಿ ಹಿಂಡಿ ನೋಡುತ್ತಾನೆ. ಮೆತ್ತಗಿದೆ ಎಂದು ಕಂಡರೆ ಎಳೆದು ತೆಗೆದು ಮುರಿದು ಹಾಕುತ್ತಾನೆ. ಬೆಳಗ್ಗಿಂದ ಬಗ್ಗಿ ಕೂತ ಬೆನ್ನಿನ ಕೆಲಸ, ಎರಡು ಬೆರಳಿನ ತೀರ್ಪು.

ಆ ಎರಡು ಬೆರಳಿಗೆ ಲಗಾಮು ಹಾಕಿದ್ದು ಸಂಘಗಳು. ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ 1966ರಲ್ಲಿ ಬಂತು. ಅದರಡಿ ನಮ್ಮ ಮೈಸೂರು ರಾಜ್ಯ ಮಾಡಿದ ನಿಯಮದಲ್ಲಿ, ಕಳಪೆ ಎಂದು ನೂರಕ್ಕೆ ಐದಕ್ಕಿಂತ ಹೆಚ್ಚು ಬೀಡಿಯನ್ನು ಸಾಮಾನ್ಯವಾಗಿ ತಿರಸ್ಕರಿಸಬಾರದು ಎಂದು ಬರೆಯಲಾಯಿತು. ಕಂಪೆನಿಗಳು ಇಡೀ ಕಾಯಿದೆಯನ್ನೇ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಹೆಸರಿನಲ್ಲೇ ಇರುವ ಆ ಪ್ರಕರಣದಲ್ಲಿ 1974ರಲ್ಲಿ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಬೀಡಿಯವರಿಗೆ ಭವಿಷ್ಯನಿಧಿ 1977ರಲ್ಲಿ ಬಂತು. ಮನೆಯಲ್ಲಿ ಕೂತು ಕಟ್ಟುವವರಿಗೂ ಅದು ಸಲ್ಲುತ್ತದೆ ಎಂದು ಮತ್ತೊಂದು ಪ್ರಕರಣದಲ್ಲಿ ಕೋರ್ಟು ಹೇಳುವಾಗ 1985 ಆಗಿತ್ತು. ಜಗಲಿಯಲ್ಲಿ ಕೂತ ಹೆಂಗಸನ್ನು ಕಾರ್ಮಿಕಳು ಎಂದು ಒಪ್ಪಿಸುವುದಕ್ಕೇ ಇಷ್ಟು ವರ್ಷ ಹಿಡಿಯಿತು.

ಇದೆಲ್ಲ ದೆಹಲಿಯ ಕತೆ, ವಿಟ್ಲಕ್ಕೇನು ಎಂದು ಈಗಿನ ಮಕ್ಕಳು ಕೇಳಬಹುದು. ಮಂಗಳೂರಿನ ಹಂಚಿನ ಕಾರ್ಖಾನೆ, ಗೇರುಬೀಜ, ಬೀಡಿ ಕೆಲಸದವರನ್ನು ಸ್ವಾತಂತ್ರ್ಯಕ್ಕೆ ಮೊದಲೇ ಸಂಘಟಿಸಿದವರಲ್ಲಿ ಒಬ್ಬರಾದ ಬಿ.ವಿ. ಕಕ್ಕಿಲ್ಲಾಯರು 1972ರಲ್ಲಿ ಬಂಟ್ವಾಳದಿಂದಲೂ 1978ರಲ್ಲಿ ವಿಟ್ಲದಿಂದಲೂ ಗೆದ್ದು ವಿಧಾನಸಭೆಗೆ ಹೋಗಿದ್ದರು. ಹೌದು, ಈ ವಿಟ್ಲ ಒಮ್ಮೆ ಕಮ್ಯುನಿಸ್ಟನನ್ನು ಗೆಲ್ಲಿಸಿದ ಊರು. 2008ರ ಮರುವಿಂಗಡಣೆಯಲ್ಲಿ ವಿಟ್ಲ ಕ್ಷೇತ್ರವೇ ಇಲ್ಲವಾಯಿತು, ಆ ನೆನಪೂ ಅದರ ಜೊತೆಗೆ ಹೋದ ಹಾಗೆ ಕಾಣುತ್ತದೆ. ಕಕ್ಕಿಲ್ಲಾಯರು ಗೆದ್ದದ್ದು ಭೂಮಸೂದೆಯ ಕಾಲ, ಗೇಣಿಯವರಿಗೆ ಜಾಗ ಆಗುತ್ತಿದ್ದ ಕಾಲ. ನಮ್ಮ ಒಂದೂವರೆ ಎಕರೆ ಆದದ್ದೂ ಆಗಲೇ.

ಅಮ್ಮನಿಗೆ ಸಂಘದಿಂದ ಸಿಕ್ಕಿದ್ದೇನು ಎಂದು ಲೆಕ್ಕ ಹಾಕಿದರೆ: ಸಾವಿರ ಬೀಡಿಗೆ ಇಷ್ಟು ಎಂಬ ಕನಿಷ್ಠ ಕೂಲಿ, ಪ್ರತೀ ಎಪ್ರಿಲ್ ಒಂದಕ್ಕೆ ಏರುವ ತುಟ್ಟಿಭತ್ಯೆ, ಪಿಎಫ್, ಮತ್ತೆ 1976ರ ಕಲ್ಯಾಣ ನಿಧಿ ಕಾಯಿದೆಯಿಂದ ಮಕ್ಕಳಿಗೆ ವಿದ್ಯಾರ್ಥಿವೇತನ. ನನ್ನ ಹೈಸ್ಕೂಲಿನ ಪುಸ್ತಕಗಳು ಆ ದುಡ್ಡಿನವು. ಕೊಡಬೇಕಾದದ್ದನ್ನು ಕೊಡಿಸಲಿಕ್ಕೆ ಪ್ರತಿಸಲ ಮಂಗಳೂರಿನಲ್ಲಿ ಧರಣಿ ಕೂರಬೇಕಾಗಿತ್ತು ಎಂಬುದು ಬೇರೆ ಮಾತು. ಸಂಘ ಇನ್ನೊಂದನ್ನೂ ಕಲಿಸಿತು. ಅದನ್ನು ಯಾರೂ ತರಬೇತಿ ಎಂದು ಕರೆಯಲಿಲ್ಲ. ಪಾಸ್ ಪುಸ್ತಕದಲ್ಲಿ ಕಂಟ್ರಾಕ್ಟುದಾರ ಬರೆದ ಸಂಖ್ಯೆಯನ್ನು ಓದಿ ನೋಡಬೇಕು, ಎಲೆ ಕಮ್ಮಿ ತೂಗಿದರೆ ಅಲ್ಲೇ ಕೇಳಬೇಕು, ಪಿಎಫ್ ಫಾರಮಿನಲ್ಲಿ ಗಂಡನ ಹೆಸರೋ ಅಪ್ಪನ ಹೆಸರೋ ಎಂದು ಮೊದಲೇ ಸರಿ ಮಾಡಿಕೊಳ್ಳಬೇಕು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಅಮ್ಮ ಈ ವಿದ್ಯೆಯಲ್ಲಿ ನನಗಿಂತ ಮುಂದೆ. ಈಗಲೂ ಆಚೀಚೆ ಮನೆಯ ಹೆಂಗಸರು ಆಧಾರಿನಲ್ಲಿ ಹೆಸರು ತಪ್ಪಾದರೆ ಮೊದಲು ಅವರ ಹತ್ತಿರವೇ ಬರುವುದು.

ಇಷ್ಟಾಗಿಯೂ ಒಂದು ದೊಡ್ಡ ಖಾಲಿ ಜಾಗ ಉಳಿಯಿತು. ಕಲ್ಯಾಣ ನಿಧಿ ಮಕ್ಕಳನ್ನು ಓದಿಸಿತು, ತಾಯಂದಿರಿಗೆ ಬೇರೆ ಏನನ್ನೂ ಕಲಿಸಲಿಲ್ಲ. ನಲವತ್ತು ವರ್ಷ ಕಟ್ಟಿದ ಹೆಂಗಸಿಗೂ ನಿನ್ನೆ ಕೂತ ಹುಡುಗಿಗೂ ಸಾವಿರಕ್ಕೆ ಒಂದೇ ದರ. ಬೇರೆ ಉದ್ಯಮಗಳ ಅಧಿಸೂಚನೆ ತೆರೆದು ನೋಡಿದರೆ ಅಕುಶಲ, ಅರೆಕುಶಲ, ಕುಶಲ, ಅತಿಕುಶಲ ಎಂದು ಮೆಟ್ಟಿಲು ಇರುತ್ತದೆ. ಬೀಡಿಯಲ್ಲಿ ಮೆಟ್ಟಿಲಿಲ್ಲ, ನೆಲ ಮಾತ್ರ. ದೂರದ ಕಂಪೆನಿಗೆ ಇವಳ ಮುಖವೇ ಗೊತ್ತಿಲ್ಲದಿರುವಾಗ ಅದು ಇವಳಿಗೆ ಏನಾದರೂ ಕಲಿಸುವುದು ಹೌದೇ? ಸಂಘ ಕೇಳಬೇಕಿತ್ತು. ಕೇಳಲಿಲ್ಲ. ದರದ ಜಗಳದಲ್ಲೇ ಅವರ ಉಸಿರು ಮುಗಿಯುತ್ತಿತ್ತು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಬೀಡಿ ಸೇದುವವರು ಕಮ್ಮಿಯಾಗುತ್ತಾರೆ, ಕೆಲಸ ಇಳಿಯುತ್ತದೆ ಎಂಬುದು ನಿನ್ನೆ ಮೊನ್ನೆ ಗೊತ್ತಾದ ಸಂಗತಿಯೇನಲ್ಲ. ತಂಬಾಕು ನಿಯಂತ್ರಣದ ಕಾಯಿದೆ ಬಂದದ್ದು 2003ರಲ್ಲಿ. ಜಿಎಸ್‌ಟಿ ಬಂದ 2017ರಲ್ಲಿ ಬೀಡಿಯ ಸೆಸ್ಸೂ ಹೋಯಿತು, ಕಲ್ಯಾಣ ನಿಧಿಯ ಒರತೆಯೇ ಅದು. ಈಗ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ 1966ರ ಕಾಯಿದೆಯೂ ಅವುಗಳೊಳಗೆ ಕರಗಿತು. ಐವತ್ತು ದಾಟಿದ, ಬೆನ್ನು ಬಾಗಿದ ಹೆಂಗಸರು ವಾರದಲ್ಲಿ ಬರುವ ಸ್ವಲ್ಪ ಎಲೆಗೆ ಕಾಯುತ್ತಾ ಕೂತಿದ್ದಾರೆ. ಅವರ ಕೈಯಲ್ಲಿರುವ ವಿದ್ಯೆಗೆ ಬೇರೆ ಗಿರಾಕಿ ಇಲ್ಲ.

ಹೀಗೇ ಆಗಬೇಕೆಂದೇನೂ ಇರಲಿಲ್ಲ ಎಂಬುದಕ್ಕೆ ಸಾಕ್ಷಿ ಇಲ್ಲಿಂದ ಒಂದು ಹಗಲಿನ ದಾರಿಯಲ್ಲಿ ಉಂಟು. ಕೇರಳ ಸರಕಾರ 1968ರಲ್ಲಿ ಆ ಬೀಡಿ ಕಾಯಿದೆಯನ್ನು ಜಾರಿ ಮಾಡಿದಾಗ ಕಣ್ಣೂರಿನಲ್ಲಿ ಬ್ರಾಂಚು ಇಟ್ಟಿದ್ದ ಮಂಗಳೂರಿನ ಕಂಪೆನಿಗಳು ಬಾಗಿಲು ಹಾಕಿ ಕೆಲಸವನ್ನು ಗಡಿಯ ಈಚೆಗೆ ತಂದವು. ಅಲ್ಲಿ ಸುಮಾರು ಹನ್ನೆರಡು ಸಾವಿರ ಜನ ಬೀದಿಗೆ ಬಿದ್ದರು. ನಮ್ಮ ಕಡೆಯ ಜಗಲಿಗಳಲ್ಲಿ ಬೀಡಿಯ ಗೆರಸೆ ಹೆಚ್ಚಾಗಲು ಅದೂ ಒಂದು ಕಾರಣ ಎಂಬುದನ್ನು ನಾವು ಯಾರೂ ಹೇಳಿಕೊಳ್ಳುವುದಿಲ್ಲ. ಕಣ್ಣೂರಿನವರು 1969ರಲ್ಲಿ ದಿನೇಶ್ ಬೀಡಿ ಸಹಕಾರಿ ಸಂಘ ಕಟ್ಟಿದರು. ಒಂದು ಕಾಲಕ್ಕೆ ನಲವತ್ತು ಸಾವಿರ ಜನಕ್ಕೆ ಅದು ಅನ್ನ ಕೊಟ್ಟಿತು. ಅಲ್ಲಿ ಮನೆಯಲ್ಲಿ ಕೂತು ಕಟ್ಟುವುದಿಲ್ಲ, ಶೆಡ್ಡಿನಲ್ಲಿ ಸಾಲಾಗಿ ಕೂತು ಕಟ್ಟುವುದು. ಒಬ್ಬ ಗಟ್ಟಿಯಾಗಿ ಪೇಪರ್ ಓದುತ್ತಿದ್ದ, ಅವನ ಪಾಲಿನ ಬೀಡಿಯನ್ನು ಉಳಿದವರು ಹಂಚಿಕೊಂಡು ಕಟ್ಟಿ ಕೊಡುತ್ತಿದ್ದರು. ಕೆಲಸದ ಹೊತ್ತಿನಲ್ಲೇ ಕಲಿಕೆ, ಕಲಿಸುವವನಿಗೆ ಕೂಲಿ ನಷ್ಟ ಇಲ್ಲ. ಇಷ್ಟು ಸರಳವಾದ ಏರ್ಪಾಟನ್ನು ಯಾವ ಕೌಶಲ ಮಿಷನ್ನೂ ಇವತ್ತಿನ ತನಕ ಮಾಡಿ ತೋರಿಸಲಿಲ್ಲ.

ಬೀಡಿಗೆ ಇಳಿಗಾಲ ಎಂದು ಗೊತ್ತಾದಾಗ, ತೊಂಬತ್ತರ ದಶಕದ ಕೊನೆಯ ಹೊತ್ತಿಗೆ, ದಿನೇಶ್‌ನವರು ತೆಂಗಿನ ಹಾಲು, ಮಸಾಲೆ ಪುಡಿ, ಉಪ್ಪಿನಕಾಯಿಗೆ ಇಳಿದರು. ಆಮೇಲೆ ಕೊಡೆ, ಆಮೇಲೆ ಬಟ್ಟೆ. ಬೀಡಿ ಕಟ್ಟಿದ ಕೈಗಳಿಗೇ ಹೊಸ ಕೆಲಸ ಕಲಿಸಿದರು. ಎಲ್ಲರಿಗೂ ಕೆಲಸ ಸಿಕ್ಕಿತು ಎಂದರೆ ಸುಳ್ಳಾಗುತ್ತದೆ. ನಲವತ್ತು ಸಾವಿರ ಜನರ ಜಾಗದಲ್ಲಿ ಈಗ ಇರುವವರು ಎಷ್ಟೋ ಕಮ್ಮಿ. ಆದರೆ ಕೂಲಿಯ ಮಾತು, ಕಲಿಕೆಯ ಮಾತು ಎರಡೂ ಒಂದೇ ಮೇಜಿನ ಮೇಲೆ ಇದ್ದುದರಿಂದ ಮುಂದೇನು ಎಂದು ಯೋಚಿಸುವ ಜನ ಅಲ್ಲಿದ್ದರು. ನಮ್ಮಲ್ಲಿ ಆ ಮೇಜೇ ಇರಲಿಲ್ಲ.

ಇನ್ನು ನನ್ನ ಪಕ್ಷಕ್ಕೆ, ಅಂದರೆ ಅಡಿಕೆಗೆ ಬರುತ್ತೇನೆ.

ವಿಟ್ಲದಲ್ಲಿ 1956ರಿಂದ ಅಡಿಕೆ ಸಂಶೋಧನಾ ಕೇಂದ್ರ ಉಂಟು, ಈಗ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯ ಪ್ರಾದೇಶಿಕ ಕೇಂದ್ರ. ಮಂಗಳ, ಸುಮಂಗಳ ತಳಿಗಳು ಬಂದದ್ದು ಇಲ್ಲಿಂದ. ಗಿಡ್ಡ ಅಡಿಕೆಯ ಸಂಕರ ತಳಿಗಳ ಹೆಸರಿನಲ್ಲಿ ವಿಟಿಎಲ್ ಎಂದು ಬರುವುದೂ ವಿಟ್ಲವೇ. ತಳಿಯ ಮೇಲೆ ಅರುವತ್ತು ವರ್ಷ ಸಂಶೋಧನೆ ನಡೆದ ಮೇಲೆ, ಮರ ಹತ್ತುವವನೇ ಇಲ್ಲದಿದ್ದರೆ ತಳಿ ಇದ್ದು ಏನು ಎಂದು ನಮಗೆ ಹೊಳೆಯಿತು. 2018ರ ಕೊನೆಯಲ್ಲಿ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ, ಅಡಿಕೆ ಸಂಶೋಧನಾ ಮತ್ತು ಅಭಿವೃದ್ಧಿ ಪ್ರತಿಷ್ಠಾನ ಮುಂತಾದವರು ಸೇರಿ ಅದೇ ಕೇಂದ್ರದಲ್ಲಿ ಅಡಿಕೆ ಕೌಶಲ್ಯ ಪಡೆಯ ಶಿಬಿರ ಮಾಡಿದರು. ಯುವಕರು ಅಲ್ಲೇ ಉಳಿದು ಮರ ಹತ್ತಲು, ಕೊನೆ ತೆಗೆಯಲು, ಮದ್ದು ಬಿಡಲು ಕಲಿತರು. ಒಳ್ಳೆಯ ಕೆಲಸ, ಅನುಮಾನವಿಲ್ಲ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲೇ ಕೇರಳದಲ್ಲಿ ತೆಂಗಿನ ಮರ ಹತ್ತುವವರಿಗೆ ಇಂಥ ತರಬೇತಿ ಸುರು ಮಾಡಿ, ಯಂತ್ರ ಕೊಟ್ಟು, ವಿಮೆಯನ್ನೂ ಜೋಡಿಸಿತ್ತು. ಪಕ್ಕದ ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ಸ್ವಂತ ಉದ್ಯೋಗದ ತರಬೇತಿ ಸಂಸ್ಥೆಯಾದ ರುಡ್‌ಸೆಟ್ 1982ರಿಂದ ಊಟ ವಸತಿ ಕೊಟ್ಟು ಪುಕ್ಕಟೆ ಕಲಿಸುತ್ತಾ ಬಂದಿದೆ. ಕಲಿಸುವ ವಿಷಯದಲ್ಲಿ ನಮ್ಮ ಜಿಲ್ಲೆ ಬಡವಾಗಿಲ್ಲ.

ಕಲಿತದ್ದು ತೋಟಕ್ಕೆ ಬಂದ ಮೇಲೆ ಏನಾಗುತ್ತದೆ ಎಂಬುದು ಪ್ರಶ್ನೆ.

ಮದ್ದು ಬಿಡುವುದಕ್ಕೆ ನಮ್ಮಲ್ಲಿ ಡ್ರಮ್ಮಿನ ಲೆಕ್ಕ. ಒಂದು ಡ್ರಮ್ಮು ಬೋರ್ಡೋ ದ್ರಾವಣ ಖಾಲಿಯಾದರೆ ಇಷ್ಟು ರೂಪಾಯಿ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಹದ ಗೊತ್ತಾಗಲು ಕತ್ತಿಯ ಅಲಗನ್ನು ಅದ್ದಿ ನೋಡುವುದು, ಅಲಗು ಕೆಂಪಾದರೆ ಸುಣ್ಣ ಸಾಲದು. ಇದು ಗೊತ್ತಿಲ್ಲದವನು ಬಿಟ್ಟ ಮದ್ದಿನಿಂದ ಸಿಂಗಾರವೇ ಸುಟ್ಟುಹೋಗಬಹುದು, ಗೊತ್ತಿದ್ದವನಿಂದ ನನ್ನ ವರ್ಷದ ಫಸಲು ಕೊಳೆರೋಗದಿಂದ ಉಳಿಯುತ್ತದೆ. ಇಬ್ಬರಿಗೂ ಡ್ರಮ್ಮಿಗೆ ಒಂದೇ ದರ. ಬೀಡಿಯ ಸಾವಿರದ ಕತೆಯೇ ಇಲ್ಲಿಯೂ.

ಈಗ ತರಬೇತಿಯಲ್ಲಿ ಕಲಿಸಿದ ಸೊಂಟದ ಪಟ್ಟಿ, ಹಗ್ಗವನ್ನು ನೋಡೋಣ. ಕಟ್ಟಿಕೊಂಡು ಹತ್ತಬೇಕು, ಬಿಚ್ಚಿ ಇಳಿಯಬೇಕು, ಮತ್ತೊಂದು ಮರಕ್ಕೆ ಮತ್ತೆ ಕಟ್ಟಬೇಕು. ಹಳೆಯ ಕ್ರಮದಲ್ಲಿ ಕಾಲಿಗೆ ತಳೆ ಹಾಕಿ ಒಂದು ಮರ ಹತ್ತಿದವನು ಮರವನ್ನೇ ತೂಗಿ ಪಕ್ಕದ ಮರ ಹಿಡಿದು ದಾಟುತ್ತಾನೆ. ನೆಲ ಮುಟ್ಟುವುದೇ ಇಲ್ಲ. ಡ್ರಮ್ಮಿನ ಲೆಕ್ಕದಲ್ಲಿ ಪಟ್ಟಿ ಕಟ್ಟಿದವನ ಸಂಪಾದನೆ ಕಮ್ಮಿ, ಕಟ್ಟದವನದ್ದು ಹೆಚ್ಚು. ಹಾಗಾಗಿ ಪಟ್ಟಿ ಚೀಲದಲ್ಲಿ ಉಳಿಯುತ್ತದೆ. ನಾಲ್ಕು ದಿನ ಮಳೆ ಬಿಟ್ಟಾಗ ಹತ್ತು ಮನೆಯವರು ಅವನನ್ನು ಕರೆಯುತ್ತಿರುತ್ತಾರೆ. ಕಾಂಡದಲ್ಲಿ ಪಾಚಿ ಜಾರುತ್ತಿರುತ್ತದೆ. ಕೆಳಗೆ ನಿಂತ ನಾವು "ಒಂದು ಡ್ರಮ್ಮು ಇವತ್ತೇ ಮುಗಿಸಿಬಿಡು ಮಾರಾಯ" ಎನ್ನುತ್ತೇವೆ. ನಮ್ಮ ಬೈಲಿನಲ್ಲಿ ಹಾಗೆ ಬಿದ್ದವರೊಬ್ಬರು ಈಗ ಗೋಡೆ ಹಿಡಿದು ನಡೆಯುತ್ತಾರೆ. ಆಸ್ಪತ್ರೆಯ ಬಿಲ್ಲಿಗೆ ತೋಟದವರು ಕೈಯೆತ್ತಿ ಕೊಟ್ಟದ್ದು ಉಂಟು, ಅದು ದಾನ. ದಾನಕ್ಕೆ ದರ ಇಲ್ಲ, ಮುಂದಿನ ತಿಂಗಳ ಲೆಕ್ಕವೂ ಇಲ್ಲ.

ಕೂಲಿ ಯಾವ ರೀತಿಯಲ್ಲಿ ಲೆಕ್ಕವಾಗುತ್ತದೋ ಅದೇ ನಿಜವಾದ ಪಾಠ, ಶಿಬಿರದ ಪಾಠ ಅದರ ಮುಂದೆ ನಿಲ್ಲುವುದಿಲ್ಲ. ಇದು ನಾನು ತೋಟದಲ್ಲಿ ನಿಂತು ಕಲಿತ ಅರ್ಥಶಾಸ್ತ್ರ. ಕೂಲಿಯ ಲೆಕ್ಕವನ್ನು ಬದಲಿಸಲು ಒಬ್ಬ ಹತ್ತುವವನಿಂದ ಆಗುವುದಿಲ್ಲ, ಪಟ್ಟಿ ಕಟ್ಟಿಯೇ ಹತ್ತುತ್ತೇನೆ ಎಂದವನನ್ನು ಬಿಟ್ಟು ನಾವು ಇನ್ನೊಬ್ಬನನ್ನು ಕರೆಯುತ್ತೇವೆ. ಎಲ್ಲರೂ ಒಟ್ಟಾಗಿ ಹೇಳಿದರೆ ಮಾತ್ರ ಕೇಳುತ್ತೇವೆ.

ಅವರಿಗೆ ಸಂಘ ಯಾಕೆ, ತೋಟದ ಬೇರೆ ಕೆಲಸದವರ ಎರಡು ಪಾಲು ದುಡಿಯುತ್ತಾರಲ್ಲ ಎಂದು ನನ್ನಂಥವರು ಹೇಳುವುದುಂಟು. ಹೌದು, ದಿನಕ್ಕೆ ಲೆಕ್ಕ ಹಾಕಿದರೆ ಹೆಚ್ಚು. ಆದರೆ ವರ್ಷದಲ್ಲಿ ಎಷ್ಟು ದಿನ? ನಲವತ್ತೈದು ದಾಟಿದ ಮೇಲೆ ಮೊಣಕಾಲು ಎಷ್ಟು ದಿನ? ಆ ದುಡ್ಡಿಗೆ ತನ್ನ ಮಗನನ್ನು ಮರ ಹತ್ತಲು ಕಳಿಸುವ ಹತ್ತುವವನನ್ನು ನಾನು ಕಂಡಿಲ್ಲ. ಹಾಗೆ ನೋಡಿದರೆ ಸಂಘಟನೆಯ ರುಚಿ ಕಂಡವರಲ್ಲಿ ನಾವೇ ಮೊದಲಿಗರು. ಅಡಿಕೆಯ ಬೆಲೆ ಕುಸಿದಾಗ ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ವ್ಯಾಪಾರಿಯ ಎದುರು ಒಬ್ಬೊಬ್ಬರೇ ನಿಂತರೆ ಬೆಲೆ ಸಿಗುವುದಿಲ್ಲ ಎಂಬುದು ನಮಗೆ ಆಗಲೇ ಗೊತ್ತಾಗಿತ್ತು. ನಮಗೆ ಗೊತ್ತಾದದ್ದು ಮರದ ಮೇಲಿದ್ದವನಿಗೆ ಗೊತ್ತಾಗಬಾರದು ಎಂದರೆ ಹೇಗೆ?

ಹೊರಗಿನ ಲೋಕದಲ್ಲಿ ಇದು ಹೊಸತಲ್ಲ. ಜರ್ಮನಿಯಲ್ಲಿ 1969ರ ಕಾಯಿದೆಯಂತೆ ಕಸುಬು ಕಲಿತವರ ಪರೀಕ್ಷೆಯ ಮಂಡಳಿಯಲ್ಲಿ ಮಾಲಕರ ಪ್ರತಿನಿಧಿಗಳಷ್ಟೇ ಕೆಲಸದವರ ಪ್ರತಿನಿಧಿಗಳೂ ಕೂರುತ್ತಾರೆ, ಜೊತೆಗೆ ಒಬ್ಬ ಶಿಕ್ಷಕ. ಕಲಿಯುವ ಹುಡುಗನ ಭತ್ಯೆಯನ್ನೂ ಹೆಚ್ಚಾಗಿ ಸಂಘದ ಒಪ್ಪಂದದಲ್ಲೇ ತೀರ್ಮಾನಿಸುತ್ತಾರೆ. ಅಲ್ಲಿ ಬ್ರಾಂಚಿನವನ ಎರಡು ಬೆರಳಿಗೆ ಒಂಟಿ ಅಧಿಕಾರ ಇಲ್ಲ. ಇಂಗ್ಲೆಂಡಿನಲ್ಲಿ 1998ರಿಂದ ಸಂಘಗಳ ಮೂಲಕ ಕೆಲಸದವರಿಗೆ ಕಲಿಸಲು ಸರಕಾರ ನಿಧಿ ಇಟ್ಟಿತ್ತು. ಸಹೋದ್ಯೋಗಿಗಳಿಗೆ ಏನು ಕಲಿಯಬೇಕಿದೆ ಎಂದು ವಿಚಾರಿಸಲು ಸಂಘದ ಒಬ್ಬನಿಗೆ ಕೆಲಸದ ಹೊತ್ತಿನಲ್ಲಿ ಸಂಬಳದ ಬಿಡುವು ಕೊಡುವ ಕಾನೂನೂ ಬಂತು. 2021ರಲ್ಲಿ ಅಲ್ಲಿಯ ಸರಕಾರ ಆ ನಿಧಿಯನ್ನು ನಿಲ್ಲಿಸಿತು. ಕೊಟ್ಟದ್ದನ್ನು ಕಸಿಯುವುದರಲ್ಲಿ ದೊಡ್ಡ ದೇಶ ಸಣ್ಣ ದೇಶ ಎಂಬ ಭೇದ ಇಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಪ್ರತೀ ವರ್ಷ ಮೇ ತಿಂಗಳಲ್ಲಿ, ಮೊದಲ ಮದ್ದಿಗೆ ಮುಂಚೆ, ಹತ್ತುವವರ ಸಂಘವೂ ಬೆಳೆಗಾರರೂ ಕೂತು ದರ ಬರೆಯಲಿ. ಡ್ರಮ್ಮಿನ ಲೆಕ್ಕ ತೆಗೆದು ದಿನದ ಲೆಕ್ಕ ಮಾಡಲಿ, ಪಟ್ಟಿ ಕಟ್ಟಿದವನಿಗೆ ಅದರಲ್ಲಿ ನಷ್ಟ ಆಗಬಾರದು. ತರಬೇತಿಯ ಕಾರ್ಡು ಇದ್ದವನಿಗೆ ಒಂದು ಮೆಟ್ಟಿಲು ಮೇಲಿನ ದರ ಇರಲಿ. ಆ ಕಾರ್ಡನ್ನು ಕೊಡುವಾಗ ವಿಜ್ಞಾನಿಯ ಸಹಿಯ ಪಕ್ಕ ಹಳೆಯ ಹತ್ತುವವನೊಬ್ಬನ ಸಹಿಯೂ ಬೀಳಲಿ, ಅವನಿಗೆ ಕಲಿಸಿದ ದಿನದ ಪೂರಾ ಕೂಲಿ ಸಿಗಲಿ. ವಿಮೆಯ ಕಂತಿನಲ್ಲಿ ಅರ್ಧ ನಮ್ಮದು. ಕಾಂಡ ಜಾರುತ್ತದೋ ಇಲ್ಲವೋ ಎಂದು ಹೇಳುವ ಕೊನೆಯ ಮಾತು ಮರದ ಮೇಲಿರುವವನದ್ದು. ಕಾರ್ಬನ್ ಫೈಬರ್ ದೋಟಿ ಬಂದಿದೆ, ಇನ್ನು ಹತ್ತುವವರು ಬೇಡ ಎನ್ನುವವರಿಗೆ ಒಂದು ಮಾತು: ಎಂಬತ್ತು ಅಡಿಯ ದೋಟಿಯನ್ನು ಕುತ್ತಿಗೆ ಎತ್ತಿ ಹಿಡಿದು ಗುರಿ ತಪ್ಪದೆ ಮದ್ದು ಬಿಡುವುದೂ ಕಸುಬೇ, ಅದಕ್ಕೂ ತರಬೇತಿ ನಡೆಯುತ್ತಿದೆ, ಅಲ್ಲಿಯೂ ದರದ ಮಾತು ಯಾರೂ ಎತ್ತಿಲ್ಲ.

ಬೀಡಿ ಸಂಘಗಳ ಹಿರಿಯರಿಗೂ ಇಲ್ಲಿ ಕೆಲಸ ಉಂಟು. ಪಿಎಫ್, ವಿಮೆ, ಫಾರಮು, ಕಾರ್ಮಿಕ ಇಲಾಖೆಯ ಮೆಟ್ಟಿಲು, ಇದರಲ್ಲಿ ಅವರಷ್ಟು ಪಳಗಿದವರು ಜಿಲ್ಲೆಯಲ್ಲಿ ಬೇರೆ ಇಲ್ಲ. ತಮ್ಮ ಹೆಂಗಸರಿಗೆ ಎಲೆ ಪೂರ್ತಿ ನಿಲ್ಲುವ ಮೊದಲು ಬೇರೊಂದು ಕಸುಬು ಕಲಿಸಿ, ಕಲಿಯುವ ದಿನಗಳ ಕೂಲಿ ಕೊಡಿ ಎಂದು ಮುಂದಿನ ಬೇಡಿಕೆ ಪಟ್ಟಿಯಲ್ಲಿ ಬರೆಯಲಿ. ತುಟ್ಟಿಭತ್ಯೆಯ ಸಾಲಿನ ಕೆಳಗೇ ಬರೆಯಲಿ, ಪುಟದ ಕೊನೆಯಲ್ಲಿ ಇತರೆ ಎಂಬ ಸಾಲಿನಲ್ಲಿ ಅಲ್ಲ.

ಈ ವಿಷಯವನ್ನು ಮೊನ್ನೆ ನಮ್ಮ ತೋಟಕ್ಕೆ ಬರುವವನ ಹತ್ತಿರ ಹೇಳಿದೆ. ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಪೂರ್ತಿ ಕೇಳಿದ. "ಸಂಘ ಆಗಲಿ ಅಣ್ಣ, ಒಳ್ಳೆಯದೇ. ಮೀಟಿಂಗ್ ಮಾತ್ರ ಮಳೆ ಬಿಟ್ಟ ದಿನ ಇಡಬೇಡಿ, ಆವತ್ತು ನೀವೇ ನಮ್ಮನ್ನು ಬಿಡುವುದಿಲ್ಲ" ಎಂದ.